ಗಲ್ಲದ ಗಂಟು ಮಿಡಿಯುತ್ತಿದೆಯೇ? ಚೀರಿಸುವ ಮುನ್ನ ಮುಟ್ಟಿ ನೋಡಿ!

‘ಏನೂ ಆಗೂದಿಲ್ಲ ಬಿಡವ್ವಾ, ಹುಡುಗ್ರು ಅಂದಮ್ಯಾಲೆ ಬೀಳೂದs, ಏಳೂದs...’

ಮಕ್ಕಳಿರುವ ಮನೆಯಲ್ಲಿ ಈ ಮಾತು ಕೇಳದ ತಾಯಿ ಯಾರಿದ್ದಾರೆ ಹೇಳಿ? ನಾನೂ ಕೇಳಿದ್ದೆ, ನಂಬಿಯೂ ಇದ್ದೆ. ಆದರೆ ಬಿದ್ದ ಗಾಯ ಮೇಲೆ ಮಾಯ್ದು, ಒಳಗೆ ಮಾಯದೇ ಕೂತಿರುತ್ತದೆ ಎಂಬುದು ನನಗೆ ಗೊತ್ತಾಗಿದ್ದು ನನ್ನ ಮಗನಿಂದಲೇ. ಆ ಕತೆಯನ್ನು ನಿಮ್ಮ ಮುಂದೆ ಹೇಳಿಕೊಳ್ಳಲು ಕಾರಣವಿದೆ. ಅಂಥ ಗಂಟು ನಾಳೆ ನಿಮ್ಮ ಮನೆಯಲ್ಲೂ ಯಾರದೋ ಕೆನ್ನೆಯ ಮೇಲೆ ಕಾಣಿಸಬಹುದು. ಆಗ ಈ ಪುಟ ನೆನಪಾದರೆ ಸಾಕು.

ನರಗುಂದದ ಗುಡ್ಡದ ಬುಡದಲ್ಲಿ ನಮ್ಮ ಓಣಿ. ರಸ್ತೆ ಇಳಿಜಾರು. ಆರನೇ ಇಯತ್ತೆಯ ನಮ್ಮ ಹುಡುಗನಿಗೆ ಸೈಕಲ್ ಬ್ರೇಕ್ ಹಿಡಿಯುವುದೆಂದರೆ ಅವಮಾನ! ಒಂದು ಸಂಜೆ ಹಾಗೇ ಇಳಿದು ಬಂದವನು ಬಿದ್ದ. ಹ್ಯಾಂಡಲ್ಲಿನ ತುದಿ ಎಡ ದವಡೆಗೆ ಬಡಿಯಿತು. ಸಣ್ಣ ಗಾಯವೇ. ಆದರೆ ರಕ್ತ ಮಾತ್ರ ನನ್ನ ಸೆರಗು ತೊಯ್ಯುವಷ್ಟು ಹರಿಯಿತು. ಹತ್ತಿರದ ದವಾಖಾನೆಯಲ್ಲಿ ಎರಡು ಹೊಲಿಗೆ ಹಾಕಿ, ಧನುರ್ವಾಯುವಿನ ಇಂಜೆಕ್ಷನ್ ಕೊಟ್ಟರು. ವಾರದ ಮೇಲೆ ಹೊಲಿಗೆ ಬಿಚ್ಚಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಮೂರನೇ ವಾರ ಅದೇ ಜಾಗದಲ್ಲಿ ಬೋರೆಹಣ್ಣಿನಷ್ಟು ಗಂಟು ಎದ್ದಿತು. ನಾಲ್ಕು ದಿನದಲ್ಲಿ ನೆಲ್ಲಿಕಾಯಿಯಷ್ಟಾಯಿತು. ಅತ್ತೆಯವರು ನೋಡಿ, ‘ಒಳಗ ಕೀವು ತುಂಬೇತಿ, ಪಟ್ಟು ಹಾಕು, ಹಣ್ಣಾಗಿ ಒಡೀತದ’ ಅಂದರು. ಬಾಜೂ ಮನೆ ಕಾಕು, ‘ಮಂಗನಬಾವು ಇರಬೇಕ್ರೀ’ ಅಂದರು. ಮತ್ತೊಬ್ಬರು ಹಲ್ಲಿನ ಹುಳುಕು ಅಂದರು. ನಾನು ಅರಿಸಿನ ಹಾಕಿ ಕುದಿಸಿದ ಹಿಟ್ಟಿನ ಬಿಸಿ ಪಟ್ಟನ್ನು ನಾಲ್ಕು ದಿನ ಹಾಕಿದೆ. ಇವತ್ತು ಅದನ್ನು ನೆನೆಸಿಕೊಂಡರೆ ಕೈ ನಡುಗುತ್ತದೆ. ಅತ್ತೆಯವರದೇನೂ ತಪ್ಪಲ್ಲ. ಅವರ ಕಾಲದಲ್ಲಿ ಹತ್ತು ಬಾವಿನಲ್ಲಿ ಒಂಬತ್ತು ಹಾಗೇ ವಾಸಿಯಾಗಿವೆ. ಇದು ಹತ್ತನೆಯದಾಗಿತ್ತು ಅಷ್ಟೇ.

ಅವತ್ತು ರಾತ್ರಿ ಕರೆಂಟು ಹೋಗಿತ್ತು. ಮೊಬೈಲ್ ಬೆಳಕಿನಲ್ಲಿ ಮಗನಿಗೆ ಹೊದಿಕೆ ಸರಿಮಾಡುವಾಗ ಆ ಗಂಟು ಅಲುಗಾಡಿದ ಹಾಗೆ ಕಂಡಿತು. ನನ್ನ ಕೈಯೇ ಅಲುಗಿರಬೇಕು ಅಂದುಕೊಂಡೆ. ಮೆಲ್ಲಗೆ ಬೆರಳಿಟ್ಟೆ. ದಬ್... ದಬ್... ದಬ್... ಇನ್ನೊಂದು ಕೈಯಿಂದ ಅವನ ಮುಂಗೈ ನಾಡಿ ಹಿಡಿದೆ. ಎರಡೂ ಒಂದೇ ತಾಳಕ್ಕೆ ಬಡಿಯುತ್ತಿದ್ದವು. ಬೆಳಗಾಗುವವರೆಗೆ ನನಗೆ ನಿದ್ದೆ ಹತ್ತಲಿಲ್ಲ.

ಮರುದಿನ ದವಾಖಾನೆಯಲ್ಲಿ ಡಾಕ್ಟರು ನೋಡಿ, ‘ಕುರು ಆಗೇತಿ, ಸಣ್ಣಂಗ ಚೀರಿ ಕೀವು ತಗದುಬಿಡೂಣು’ ಅಂದರು. ಟ್ರೇ ಬಂತು. ಬ್ಲೇಡು ಬಂತು. ನನಗೆ ಮಾತೇ ಹೊರಡಲೊಲ್ಲದು. ಡಾಕ್ಟರಿಗೆ ನಾವು ಹೇಳುವುದೇ ಅಂತ ಸಂಕೋಚ. ಕಡೆಗೆ ಧೈರ್ಯ ಮಾಡಿ, ‘ಸಾಹೇಬ್ರ, ಅದು ನಾಡಿ ಬಡದಂಗ ಬಡೀತದರೀ’ ಅಂದೆ. ಅವರು ನನ್ನ ಮುಖ ನೋಡಿದರು. ಗಂಟಿನ ಮೇಲೆ ಎರಡು ಬೆರಳು ಇಟ್ಟರು. ಸ್ಟೆತಾಸ್ಕೋಪು ಇಟ್ಟರು. ಬ್ಲೇಡನ್ನು ಟ್ರೇಗೆ ವಾಪಸ್ ಹಾಕಿದರು.

‘ಅಕ್ಕಾರ, ನೀವು ಹೇಳಿದ್ದು ಭಾಳ ಚಲೋ ಆತು. ಇದನ್ನ ಇಲ್ಲಿ ಮುಟ್ಟೂದು ಬ್ಯಾಡ. ಇವತ್ತs ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ’ ಅಂದರು.

ಆ ಬ್ಲೇಡು ತಾಗಿದ್ದರೆ? ಅದನ್ನು ಆಮೇಲೆ ಹುಬ್ಬಳ್ಳಿಯ ದೊಡ್ಡ ಡಾಕ್ಟರು ಬಿಡಿಸಿ ಹೇಳಿದರು. ಕೀವಿನ ಬದಲು ಹೃದಯದಿಂದ ನೇರವಾಗಿ ಬರುವ ರಕ್ತ ಕಾರಂಜಿಯ ಹಾಗೆ ಚಿಮ್ಮುತ್ತಿತ್ತು!

ಏನಿದು ಹುಸಿ ಉಬ್ಬು?

ನಮ್ಮ ಮುಖಕ್ಕೆ ರಕ್ತ ತಲುಪಿಸುವ ಮುಖ್ಯ ಕೊಳವೆಗಳಲ್ಲಿ ಒಂದು ಫೇಶಿಯಲ್ ಆರ್ಟರಿ, ಅಂದರೆ ಮುಖದ ಅಪಧಮನಿ. ಕುತ್ತಿಗೆಯಲ್ಲಿರುವ ದೊಡ್ಡ ರಕ್ತನಾಳದ ಕವಲು ಅದು. ದವಡೆಯ ಕೆಳಗಿನಿಂದ ಎಲುಬಿನ ಅಂಚನ್ನು ದಾಟಿ ಮೇಲೆ ಬರುತ್ತದೆ. ಅಲ್ಲಿಂದ ಬಾಯಿಯ ಮೂಲೆ, ಮೂಗಿನ ಬದಿ ಹಿಡಿದು ಸೊಟ್ಟಂಬಟ್ಟ ಹರಿಯುತ್ತಾ ಕಣ್ಣಿನ ಒಳಮೂಲೆಯವರೆಗೆ ಹೋಗುತ್ತದೆ.

ಬೇಕಾದರೆ ಈಗಲೇ ನಿಮ್ಮ ಬೆರಳಿನಿಂದಲೇ ಹುಡುಕಿ ನೋಡಿ. ಹಲ್ಲು ಕಚ್ಚಿ ಹಿಡಿಯಿರಿ. ದವಡೆಯ ಹಿಂಭಾಗದಲ್ಲಿ ಒಂದು ಸ್ನಾಯು ಗಟ್ಟಿಯಾಗಿ ಉಬ್ಬುತ್ತದಲ್ಲವೇ? ಅದರ ಮುಂದಿನ ಅಂಚಿನಲ್ಲಿ, ದವಡೆ ಎಲುಬಿನ ಕೆಳಗಂಚಿನ ಮೇಲೆ ಬೆರಳು ಇಡಿ. ಹಲ್ಲು ಸಡಿಲಿಸಿ ಹಗುರವಾಗಿ ಒತ್ತಿ. ನಾಡಿ ಸಿಗುತ್ತದೆ. ಅದೇ ಈ ರಕ್ತನಾಳ. ಅಲ್ಲಿ ಅದಕ್ಕೆ ಮೇಲೆ ಚರ್ಮದ ತೆಳು ಹೊದಿಕೆ, ಕೆಳಗೆ ಗಟ್ಟಿ ಎಲುಬು. ಏಟು ಬಿದ್ದರೆ ಒರಳು ಒನಕೆಗಳ ನಡುವೆ ಸಿಕ್ಕ ಹಾಗೆ!

ಏಟಿಗೋ, ಗಾಜಿಗೋ ಈ ಕೊಳವೆಯ ಗೋಡೆ ಪೂರಾ ತುಂಡಾದರೆ ರಕ್ತ ಚಿಮ್ಮುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಗೋಡೆಯಲ್ಲಿ ಸಣ್ಣ ತೂತಷ್ಟೇ ಆದರೆ ಕತೆ ಬೇರೆ. ನಮ್ಮ ಕಡೆಯವರಿಗೆ ಮಲಪ್ರಭಾ ಕಾಲುವೆ ಗೊತ್ತು. ಕಾಲುವೆಯ ಏರಿಯಲ್ಲಿ ಒಂದು ಬಿರುಕು ಬಿಟ್ಟರೆ ನೀರು ಸೋರಿ ಪಕ್ಕದ ತಗ್ಗಿನಲ್ಲಿ ಹೊಂಡವಾಗಿ ನಿಲ್ಲುತ್ತದೆ. ಕಾಲುವೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಹೊಂಡಕ್ಕೂ ಹೋಗಿ ಬರುತ್ತಲೇ ಇರುತ್ತದೆ. ಹೊಂಡದ ದಂಡೆ ಬರೀ ಮಣ್ಣು. ಎಂದು ಒಡೆಯುವುದೋ ಹೇಳಲಾಗದು.

ಗಲ್ಲದಲ್ಲಿ ಆಗುವುದೂ ಅದೇ. ಸೋರಿದ ರಕ್ತ ಸುತ್ತಲಿನ ಮಾಂಸದ ನಡುವೆ ಚೀಲದಂತೆ ಕೂಡಿಕೊಳ್ಳುತ್ತದೆ. ಪ್ರತಿ ಹೃದಯ ಬಡಿತಕ್ಕೂ ಅದರೊಳಗೆ ರಕ್ತ ನುಗ್ಗುತ್ತದೆ. ನಿಜವಾದ ಅನ್ಯೂರಿಸಂನಲ್ಲಿ ರಕ್ತನಾಳದ ಗೋಡೆಯೇ ಬಲೂನಿನಂತೆ ಉಬ್ಬಿರುತ್ತದೆ. ಇಲ್ಲಿ ಗೋಡೆಯೇ ಇಲ್ಲ, ಗೋಡೆಯ ಹಾಗೆ ಕಾಣುವ ತೆಳು ಪೊರೆಯಷ್ಟೇ. ಅದಕ್ಕೇ ವೈದ್ಯರು ಇದನ್ನು ಸ್ಯೂಡೋಅನ್ಯೂರಿಸಂ, ಅಂದರೆ ಹುಸಿ ಉಬ್ಬು ಎನ್ನುತ್ತಾರೆ. ಹೆಸರು ಹುಸಿ, ಅಪಾಯ ಮಾತ್ರ ನಿಜ.

ಹೆದರಬೇಡಿ, ಇದು ಅಪರೂಪದ ತೊಂದರೆ. ಮುಖ, ತಲೆಯ ಭಾಗದಲ್ಲಿ ಇಂಥ ಉಬ್ಬು ಹೆಚ್ಚಾಗಿ ಕಾಣುವುದು ಕಣತಲೆಯ ಮೇಲೆ ಹಾಯುವ ರಕ್ತನಾಳದಲ್ಲಿ. ದವಡೆಯ ಈ ರಕ್ತನಾಳದಲ್ಲಿ ಇನ್ನೂ ಕಡಿಮೆ. ಅಪರೂಪ ಎಂಬುದೇ ಇದರ ತೊಡಕು ಕೂಡ. ಅಪರೂಪವಾದದ್ದು ಯಾರಿಗೂ ಮೊದಲಿಗೆ ಹೊಳೆಯುವುದಿಲ್ಲ.

ಯಾವ ಯಾವ ಏಟಿನಿಂದ?

* ಸೈಕಲ್, ಬೈಕಿನಿಂದ ಬಿದ್ದು ದವಡೆಗೆ ಪೆಟ್ಟಾದಾಗ, ದವಡೆ ಎಲುಬು ಮುರಿದಾಗ.
* ಕ್ರಿಕೆಟ್ ಚೆಂಡು, ಕಲ್ಲು, ದನದ ಕೊಂಬು ತಾಗಿದಾಗ.
* ಗಾಜಿನ ಚೂರು, ಚಾಕು, ತಂತಿ ಕೆನ್ನೆಗೆ ಚುಚ್ಚಿದಾಗ.
* ದವಡೆಯ ಶಸ್ತ್ರಚಿಕಿತ್ಸೆಯ ನಂತರ, ಅಪರೂಪಕ್ಕೆ ಹಲ್ಲು ಕೀಳಿಸಿದ ನಂತರ.

ಏಟು ಬಿದ್ದ ದಿನವೇ ಗಂಟು ಕಾಣಬೇಕೆಂದಿಲ್ಲ. ಕೆಲವು ದಿನ, ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಳ ನಂತರವೂ ಕಾಣಿಸಬಹುದು. ಅಷ್ಟರಲ್ಲಿ ನಾವು ಬಿದ್ದದ್ದನ್ನೇ ಮರೆತಿರುತ್ತೇವೆ! ಡಾಕ್ಟರು ‘ಏನಾದ್ರೂ ಪೆಟ್ಟು ಬಿದ್ದಿತ್ತಾ?’ ಅಂತ ಕೇಳಿದರೆ ‘ಇಲ್ರೀ’ ಅಂತೇವೆ. ಆದ್ದರಿಂದ ಎರಡು ಮೂರು ತಿಂಗಳ ಹಿಂದಿನ ಬೀಳು-ಏಳುಗಳನ್ನೂ ನೆನಪಿಸಿಕೊಂಡು ಹೇಳಿ.

ಮುಚ್ಚಿಡಬೇಡಿ, ಅಕ್ಕಾ

ಇಲ್ಲೊಂದು ಮಾತು ಹೇಳಲೇಬೇಕು. ಮುಖಕ್ಕೆ ಪೆಟ್ಟು ಬೀಳುವುದು ಸೈಕಲ್ಲಿನಿಂದ ಮಾತ್ರವಲ್ಲ. ‘ಬಾಗಿಲ ಬಡೀತ್ರೀ’, ‘ಬಚ್ಚಲದಾಗ ಜಾರಿದೆ’ ಎಂದು ಡಾಕ್ಟರ ಮುಂದೆ ಹೇಳುವ ಎಷ್ಟೋ ಹೆಣ್ಣುಮಕ್ಕಳ ಕೆನ್ನೆಯ ಬಾವಿನ ಹಿಂದೆ ಮನೆಯವರ ಕೈ ಇರುತ್ತದೆ. ಮಾನ ಹೋಗುತ್ತದೆಂದು ಮುಚ್ಚಿಡುತ್ತೇವೆ. ಆದರೆ ಎಲ್ಲಿ, ಎಂಥ ಏಟು ಬಿತ್ತು ಎಂಬುದು ಗೊತ್ತಾಗದೆ ಡಾಕ್ಟರಿಗೆ ಒಳಗಿನ ಗಾಯ ಹೊಳೆಯುವುದು ಕಷ್ಟ. ಬೇರೆ ಯಾರಿಗೆ ಹೇಳದಿದ್ದರೂ ಪರವಾಗಿಲ್ಲ, ಚಿಕಿತ್ಸೆ ಕೊಡುವವರಿಗಾದರೂ ನಿಜ ಹೇಳಿ. ಜೊತೆಗೆ ಬಂದವರನ್ನು ಹೊರಗೆ ಕೂಡಿಸಿ ಮಾತಾಡಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಮಹಿಳಾ ಸಹಾಯವಾಣಿ 181 ಇದೆ. ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾನೂನೂ ಇದೆ. ಕೆನ್ನೆ ನಿಮ್ಮದು, ಜೀವವೂ ನಿಮ್ಮದೇ.

ಗುರುತಿಸುವುದು ಹೇಗೆ?

ಕೀವಿನ ಕುರು, ಮಂಗನಬಾವು, ಹಲ್ಲಿನ ಬಾವು, ಗಂಟಲ ಸೋಂಕಿನಿಂದ ಉಬ್ಬುವ ಗಂಟು, ಚರ್ಮದಡಿಯ ಕೊಬ್ಬಿನ ಗಂಟು... ಇವೆಲ್ಲ ಕೆನ್ನೆ, ದವಡೆಯ ಹತ್ತಿರವೇ ಬರುತ್ತವೆ. ಹುಸಿ ಉಬ್ಬನ್ನು ಇವುಗಳಿಂದ ಬೇರೆ ಮಾಡುವ ಕೆಲವು ಗುರುತುಗಳು ಹೀಗಿವೆ:

* ಪೆಟ್ಟು ಬಿದ್ದ ಅಥವಾ ಹೊಲಿಗೆ ಹಾಕಿದ ಜಾಗದಲ್ಲೇ ಗಂಟು ಎದ್ದಿರುತ್ತದೆ.
* ಹಗುರವಾಗಿ ಬೆರಳಿಟ್ಟರೆ ನಾಡಿಯ ತಾಳಕ್ಕೆ ಮಿಡಿಯುತ್ತದೆ. ಕೆಲವರಿಗೆ ಜುಂ ಎನ್ನುವ ಕಂಪನ ತಾಗುತ್ತದೆ.
* ಡಾಕ್ಟರು ಸ್ಟೆತಾಸ್ಕೋಪು ಇಟ್ಟರೆ ಸುಯ್ ಸುಯ್ ಸದ್ದು ಕೇಳಬಹುದು.
* ದಿನದಿಂದ ದಿನಕ್ಕೆ ದೊಡ್ಡದಾಗುತ್ತದೆ. ಕುರುವಿನ ಹಾಗೆ ಜ್ವರ, ಚರ್ಮದ ಬಿಸಿ ಇರಲೇಬೇಕೆಂದಿಲ್ಲ.
* ಒಮ್ಮೊಮ್ಮೆ ಹಳೆಯ ಗಾಯದಿಂದ ಅಥವಾ ಬಾಯಿಯ ಒಳಗಿನಿಂದ ಮತ್ತೆ ಮತ್ತೆ ರಕ್ತ ಬರುತ್ತದೆ.

ಒಂದು ಎಚ್ಚರಿಕೆ. ಚೀಲದೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಮಿಡಿತ ಗೊತ್ತಾಗದೆಯೂ ಇರಬಹುದು. ‘ಮಿಡಿಯುತ್ತಿಲ್ಲ, ಹಾಗಾದ್ರೆ ಕುರುವೇ’ ಎಂದು ನೀವೇ ತೀರ್ಮಾನ ಮಾಡಬೇಡಿ. ಪೆಟ್ಟು ಬಿದ್ದ ಜಾಗದ ಗಂಟಿಗೆ ಸೂಜಿ, ಬ್ಲೇಡು ತಾಗುವ ಮುನ್ನ ‘ಮೊದಲು ಒಂದು ಸ್ಕ್ಯಾನ್ ಮಾಡಿಸೋಣವೇ ಡಾಕ್ಟರ್?’ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಬಣ್ಣ ತೋರಿಸುವ ಸ್ಕ್ಯಾನು

ಹುಬ್ಬಳ್ಳಿಯಲ್ಲಿ ಮೊದಲು ಮಾಡಿದ್ದು ಡಾಪ್ಲರ್ ಸ್ಕ್ಯಾನ್. ಬಸಿರಿನಲ್ಲಿ ನಮಗೆಲ್ಲ ಮಾಡಿದ ಸ್ಕ್ಯಾನಿನಂಥದ್ದೇ. ಸೂಜಿ ಇಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣವೂ ಇಲ್ಲ. ಗಲ್ಲಕ್ಕೆ ತಣ್ಣನೆಯ ಜೆಲ್ ಹಚ್ಚಿ ಯಂತ್ರದ ತುದಿ ಇಟ್ಟರು. ಪರದೆಯ ಮೇಲೆ ಗಂಟಿನೊಳಗೆ ಅರ್ಧ ಕೆಂಪು, ಅರ್ಧ ನೀಲಿ ಸುಳಿ ತಿರುಗುತ್ತಿತ್ತು. ‘ನೋಡ್ರಿ ತಾಯಿ, ಕೆಂಪು ಅಂದ್ರ ಒಂದು ಕಡೆ ಹರಿಯೋ ರಕ್ತ, ನೀಲಿ ಅಂದ್ರ ಅದರ ಎದುರು ದಿಕ್ಕಿನದು. ಒಳಗ ಹೋಗಿ ಸುತ್ತು ಹೊಡದು ಹೊರಗ ಬರಾಕತ್ತೇತಿ’ ಎಂದರು ಸ್ಕ್ಯಾನಿನ ಡಾಕ್ಟರು. ಚೀಲದ ಕತ್ತಿನಲ್ಲಿ ರಕ್ತ ಹೋಗಿ ಬರುವುದೂ ಕಂಡರೆ ರೋಗ ಸಿಕ್ಕಿತೆಂದೇ ಲೆಕ್ಕ.

ಈ ಸ್ಕ್ಯಾನಿಗೆ ಹೆಸರು ಬಂದದ್ದು ಆಸ್ಟ್ರಿಯಾದ ವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ ಅವರಿಂದ. 1842ರಲ್ಲಿ ಅವರು ಹೇಳಲು ಹೊರಟದ್ದು ನಕ್ಷತ್ರಗಳ ಬಣ್ಣದ ಬಗ್ಗೆ. ಹತ್ತಿರ ಬರುವ ವಸ್ತುವಿನ ಅಲೆ, ದೂರ ಹೋಗುವ ವಸ್ತುವಿನ ಅಲೆ ಬೇರೆ ಬೇರೆ ಎಂಬ ಅವರ ಆ ಲೆಕ್ಕವೇ ಇವತ್ತು ನನ್ನ ಮಗನ ಗಲ್ಲದೊಳಗಿನ ರಕ್ತದ ಸುಳಿಯನ್ನು ತೋರಿಸಿತು. ಎಲ್ಲಿಯ ನಕ್ಷತ್ರ, ಎಲ್ಲಿಯ ನರಗುಂದ!

ಆಮೇಲೆ ಸಿ.ಟಿ. ಆಂಜಿಯೋಗ್ರಾಮ್. ಕೈಯ ನರಕ್ಕೆ ಒಂದು ಔಷಧ ಕೊಟ್ಟು ಸ್ಕ್ಯಾನ್ ಮಾಡಿದರೆ ರಕ್ತನಾಳಗಳ ನಕ್ಷೆಯೇ ಮೂಡುತ್ತದೆ. ತೂತು ಎಲ್ಲಿದೆ, ಚೀಲ ಎಷ್ಟು ದೊಡ್ಡದು, ಪಕ್ಕದ ಎಲುಬು ಮುರಿದಿದೆಯೇ ಎಂಬುದೆಲ್ಲ ತಿಳಿಯುತ್ತದೆ. ಮೂತ್ರಪಿಂಡದ ತೊಂದರೆ, ಔಷಧದ ಅಲರ್ಜಿ ಇದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು.

ಇವೆರಡರಲ್ಲೂ ಸ್ಪಷ್ಟವಾಗದಿದ್ದರೆ, ಅಥವಾ ಅದೇ ಹೊತ್ತಿಗೆ ಚಿಕಿತ್ಸೆಯನ್ನೂ ಮಾಡುವುದಿದ್ದರೆ, ತೊಡೆಯ ಸಂದಿನಿಂದ ಅಥವಾ ಮುಂಗೈಯಿಂದ ತೆಳ್ಳನೆಯ ಕೊಳವೆ ತೂರಿಸಿ ಮಾಡುವ ಆಂಜಿಯೋಗ್ರಾಮ್ ಇದೆ. ಮೆದುಳಿನ ರಕ್ತನಾಳಗಳ ಚಿತ್ರವನ್ನು ಮೊದಲು ತೆಗೆದವರು ಪೋರ್ಚುಗಲ್ಲಿನ ಎಗಾಸ್ ಮೊನಿಜ್, 1927ರಲ್ಲಿ. ಸೂಜಿಯ ಒಳಗಿಂದ ತಂತಿ, ತಂತಿಯ ಮೇಲಿಂದ ಕೊಳವೆ ಎಂಬ ಸುಲಭ ಉಪಾಯವನ್ನು 1953ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ಸೆಲ್ಡಿಂಗರ್. ಇವತ್ತಿಗೂ ಅದೇ ದಾರಿ.

ಚಿಕಿತ್ಸೆ ಏನೇನಿದೆ?

ಹಿಂದೆ ಯೂರೋಪಿನಲ್ಲಿ ಕಾಯಿಲೆ ಯಾವುದೇ ಇರಲಿ, ಮೊಣಕೈ ಸಂದಿನಲ್ಲಿ ಕೊಯ್ದು ರಕ್ತ ಹರಿಬಿಡುತ್ತಿದ್ದರು. ಕೊಯ್ಯುವ ಕೈ ಸ್ವಲ್ಪ ಆಳಕ್ಕೆ ಹೋದರೆ ಕೆಳಗಿನ ಅಪಧಮನಿಗೆ ತೂತಾಗಿ ಇಂಥದ್ದೇ ಉಬ್ಬು ಬರುತ್ತಿತ್ತು. ಲಂಡನ್ನಿನ ಜಾನ್ ಹಂಟರ್ ಎಂಬ ಶಸ್ತ್ರವೈದ್ಯ 1785ರಲ್ಲಿ ಒಬ್ಬ ಗಾಡಿ ಹೊಡೆಯುವವನ ಮೊಣಕಾಲ ಹಿಂದಿನ ಉಬ್ಬಿಗೆ, ಕಾಲು ಕತ್ತರಿಸದೆ, ಮೇಲಿನ ರಕ್ತನಾಳವನ್ನು ತೊಡೆಯಲ್ಲೇ ಕಟ್ಟಿ ಗುಣಮಾಡಿದ. ನೀರು ಬರುವ ದಾರಿ ಮುಚ್ಚಿದರೆ ಹೊಂಡ ತಾನೇ ಇಂಗುತ್ತದೆ ಎಂಬ ತತ್ವ. ಇಂದಿನ ಚಿಕಿತ್ಸೆಗಳೂ ಆ ತತ್ವದ ಮೇಲೆಯೇ ನಿಂತಿವೆ.

ಒತ್ತಿ ಹಿಡಿಯುವುದು: ಉಬ್ಬು ತೀರಾ ಸಣ್ಣದಿದ್ದರೆ ಸ್ಕ್ಯಾನಿನಲ್ಲಿ ನೋಡುತ್ತಾ ಒತ್ತಿ ಹಿಡಿದು ಒಳಗಿನ ರಕ್ತ ಹೆಪ್ಪುಗಟ್ಟುವಂತೆ ಮಾಡುವುದುಂಟು. ಎಲ್ಲರಿಗೂ ಫಲಿಸುವುದಿಲ್ಲ, ನೋವೂ ಇರುತ್ತದೆ. ಇದು ಆಸ್ಪತ್ರೆಯ ಕೆಲಸ. ಮನೆಯಲ್ಲಿ ಒತ್ತುವುದು, ತಿಕ್ಕುವುದು ಖಂಡಿತ ಬೇಡ.

ಹೆಪ್ಪುಗಟ್ಟಿಸುವ ಇಂಜೆಕ್ಷನ್: ಥ್ರಾಂಬಿನ್ ಎಂಬ ಔಷಧವನ್ನು ಚೀಲದೊಳಗೆ ಚುಚ್ಚುವುದು. ತೊಡೆಯ ಸಂದಿನ ಉಬ್ಬಿಗೆ ಇದನ್ನು ಹೆಚ್ಚು ಬಳಸುತ್ತಾರೆ. ಮುಖದಲ್ಲಿ ಔಷಧ ಬೇರೆ ಕಡೆ ಹರಿದು ಹೋಗುವ ಭಯ ಇರುವುದರಿಂದ ಆರಿಸಿ, ಎಚ್ಚರಿಕೆಯಿಂದ ಮಾಡುತ್ತಾರೆ.

ಒಳಗಿನಿಂದ ಮುಚ್ಚುವುದು: ಕೊಳವೆ ತೂರಿಸಿ, ಸಣ್ಣ ಸುರುಳಿ ತಂತಿ ಅಥವಾ ಅಂಟಿನಂಥ ಔಷಧದಿಂದ ರಕ್ತನಾಳವನ್ನು ಒಳಗಿನಿಂದಲೇ ಬಂದ್ ಮಾಡುವುದು. ಎಂಬಲೈಸೇಶನ್ ಎನ್ನುತ್ತಾರೆ. ಮುಖದ ಮೇಲೆ ಕಲೆ ಉಳಿಯುವುದಿಲ್ಲ, ಆಳದಲ್ಲಿರುವ ಉಬ್ಬಿಗೆ ಇದು ಅನುಕೂಲ. ಆದರೆ ಈ ರಕ್ತನಾಳದ ತುದಿ ಕಣ್ಣಿನ ರಕ್ತನಾಳಗಳ ಜೊತೆ ಕೂಡಿಕೊಂಡಿದೆ. ಔಷಧ ಅತ್ತ ಹೋದರೆ ದೃಷ್ಟಿಗೇ ಅಪಾಯ. ಆದ್ದರಿಂದ ಪಳಗಿದ ಕೈ, ತಕ್ಕ ಯಂತ್ರ ಇರುವ ಆಸ್ಪತ್ರೆಯಲ್ಲೇ ಆಗಬೇಕು.

ಶಸ್ತ್ರಚಿಕಿತ್ಸೆ: ಗಾಯದ ಜಾಗ ಬಿಡಿಸಿ, ರಕ್ತನಾಳದ ಎರಡೂ ತುದಿ ಕಟ್ಟಿ, ಚೀಲವನ್ನು ತೆಗೆದುಹಾಕುವುದು. ಚರ್ಮದ ಹತ್ತಿರವೇ ಇರುವ ಉಬ್ಬಿಗೆ ಇದು ಹಳೆಯ, ಭರವಸೆಯ ದಾರಿ.

ನನ್ನ ಮಗನಿಗೆ ಆದದ್ದು ಇದೇ ಕೊನೆಯದು. ‘ರಕ್ತನಾಳನ ಕಟ್ಟಿಬಿಟ್ಟರ ಗಲ್ಲಕ್ಕ ರಕ್ತ ಎಲ್ಲಿಂದ ಬರತದರೀ?’ ಅಂತ ನಾನು ಅಳುತ್ತಲೇ ಕೇಳಿದೆ. ಡಾಕ್ಟರು ನಕ್ಕರು. ‘ಮುಖದಾಗ ರಕ್ತನಾಳದ ಬಲಿನs ಐತ್ರಿ. ಬಲಗಡೆದು ಎಡಗಡೆಗೆ ಕೂಡೇತಿ, ಮ್ಯಾಲಿಂದು ಕೆಳಗ ಕೂಡೇತಿ. ಒಂದು ಬಂದ್ ಮಾಡಿದ್ರ ಉಳಿದವು ಸಂಭಾಳಿಸ್ತಾವ’ ಅಂದರು. ಎರಡೂ ತುದಿ ಕಟ್ಟುವುದು ಏಕೆಂಬುದೂ ಆಗ ತಿಳಿಯಿತು. ಒಂದೇ ಕಡೆ ಕಟ್ಟಿದರೆ ಈ ಬಲೆಯಿಂದ ರಕ್ತ ಹಿಂಬಾಗಿಲಿನಿಂದ ಬಂದು ಚೀಲವನ್ನು ಮತ್ತೆ ತುಂಬುತ್ತದೆ.

ಹಾಗಂತ ತೊಂದರೆಯೇ ಇಲ್ಲವೆಂದಲ್ಲ. ಕೆಳತುಟಿಯನ್ನು ಕುಣಿಸುವ ಒಂದು ಎಳೆಯಂಥ ನರ ಈ ರಕ್ತನಾಳದ ಮೇಲೆಯೇ ಹಾಯುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆ ಆ ಬಗ್ಗೆ ಹೇಳಿ ಸಹಿ ಮಾಡಿಸಿಕೊಂಡಿದ್ದರು. ಆಪರೇಷನ್ ಆದ ಮೇಲೆ ಒಂದೂವರೆ ತಿಂಗಳು ನಮ್ಮ ಹುಡುಗನ ನಗೆ ಸೊಟ್ಟಗಾಗಿತ್ತು. ಸಾಲಿಯಲ್ಲಿ ಗೆಳೆಯರು ಚಾಷ್ಟಿ ಮಾಡುತ್ತಾರೆಂದು ನಗುವುದನ್ನೇ ಬಿಟ್ಟಿದ್ದ. ಆಮೇಲೆ ತಾನಾಗಿಯೇ ಸರಿಯಾಯಿತು. ದವಡೆಯ ಕೆಳಗಿನ ಮಡಿಕೆಯಲ್ಲಿ ಸಣ್ಣ ಗೆರೆ ಉಳಿದಿದೆ, ಅಷ್ಟೇ.

ಚಿಕಿತ್ಸೆ ಮಾಡಿಸದೆ ಬಿಟ್ಟರೆ? ಉಬ್ಬು ಬೆಳೆಯಬಹುದು, ಮೇಲಿನ ಚರ್ಮ ತೆಳ್ಳಗಾಗಿ ಒಡೆಯಬಹುದು, ಪಕ್ಕದ ನರಗಳನ್ನು ಒತ್ತಬಹುದು. ಬಾಯಿಯೊಳಗೆ ಒಡೆದರೆ ಉಸಿರಿಗೇ ಕಷ್ಟ. ಕೆಲವು ಸಣ್ಣ ಉಬ್ಬುಗಳು ತಾವೇ ಹೆಪ್ಪುಗಟ್ಟಿ ಮುಚ್ಚುವುದೂ ಉಂಟು. ಆದರೆ ಕಾದು ನೋಡಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಬೇಕು, ನಾವಲ್ಲ.

ಮುಖಕ್ಕೆ ಗಾಯವಾದಾಗ ಮನೆಯಲ್ಲಿ...

* ಸ್ವಚ್ಛವಾದ ಬಟ್ಟೆ ಮಡಚಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಗಡಿಯಾರ ನೋಡಿ ಹತ್ತು ನಿಮಿಷ ಬಿಡದೆ ಒತ್ತಿ. ನಿಂತಿತೋ ಇಲ್ಲವೋ ಅಂತ ನಡುವೆ ನಡುವೆ ತೆಗೆದು ನೋಡಬೇಡಿ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಿ.
* ಅರಿಸಿನ, ಕಾಫಿಪುಡಿ, ಸುಣ್ಣ, ತಂಬಾಕು ತುಂಬಬೇಡಿ. ಗಾಯ ಕೊಳೆಯಾಗುತ್ತದೆ, ಡಾಕ್ಟರಿಗೆ ಒಳಗೇನಾಗಿದೆ ಎಂದು ಕಾಣುವುದಿಲ್ಲ.
* ಗಾಜು, ತಂತಿ ಆಳಕ್ಕೆ ಚುಚ್ಚಿಕೊಂಡಿದ್ದರೆ ಕೀಳಬೇಡಿ. ಅದೇ ತೂತು ಮುಚ್ಚಿಕೊಂಡಿರಬಹುದು.
* ಕೂಡಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಾಯಿಗೆ ಬಂದ ರಕ್ತ ನುಂಗದೆ ಉಗುಳಲಿ.
* ರಕ್ತ ನಿಲ್ಲದಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ, ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.
* ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಆ ಚೀಟಿ ಜೊತೆಗಿರಲಿ.
* ಹೊಲಿಗೆ ಬಿಚ್ಚಿಸಿದ ಮೇಲೂ ಒಂದೆರಡು ತಿಂಗಳು ಆ ಜಾಗವನ್ನು ವಾರಕ್ಕೊಮ್ಮೆ ನೋಡಿ, ಹಗುರವಾಗಿ ಮುಟ್ಟಿ.
* ಗಂಟು ಎದ್ದರೆ ಬಿಸಿ ಪಟ್ಟು, ಶಾಖ, ಮಾಲೀಶು, ಹಿಚುಕುವುದು ಯಾವುದೂ ಬೇಡ. ನನ್ನಂತೆ ನೀವೂ ತಪ್ಪು ಮಾಡಬೇಡಿ.

ಅಂದಕ್ಕೆ ಚುಚ್ಚಿಸಿಕೊಳ್ಳುವಾಗಲೂ

ಮೂಗಿನ ಬದಿಯಿಂದ ಬಾಯಿಯ ಮೂಲೆಗೆ ಇಳಿಯುವ ನಗೆಗೆರೆ ತುಂಬಿಸಲು ಫಿಲ್ಲರ್ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಈಗ ನಮ್ಮ ಊರುಗಳಿಗೂ ಬರುತ್ತಿದೆ. ಆ ಗೆರೆಯ ಪಕ್ಕದಲ್ಲೇ ಹರಿಯುವುದು ಇದೇ ರಕ್ತನಾಳ. ಫಿಲ್ಲರ್ ಅದರೊಳಗೆ ಹೋದರೆ ರಕ್ತ ಬಂದ್ ಆಗಿ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೂ ಹೋಗಬಹುದು. ಬ್ಯೂಟಿ ಪಾರ್ಲರಿನಲ್ಲಿ ‘ಆಫರ್ ಐತ್ರಿ’ ಅಂದರೆಂದು ಮುಖ ಒಡ್ಡಬೇಡಿ. ಅದು ಡಾಕ್ಟರ ಕೆಲಸ.

ಎಲ್ಲಿಗೆ ಹೋಗಬೇಕು?

ನಮ್ಮ ತಾಲ್ಲೂಕು ಆಸ್ಪತ್ರೆ, ಊರಿನ ಡಾಕ್ಟರು ಮೊದಲ ಮೆಟ್ಟಿಲು. ಅಲ್ಲಿಂದ ಚೀಟಿ ಪಡೆದು ಮುಂದಕ್ಕೆ ಹೋಗಬೇಕು. ಗದಗಿನಲ್ಲಿ ಜಿಮ್ಸ್ ಇದೆ. ನವಲಗುಂದ ದಾಟಿ ಹುಬ್ಬಳ್ಳಿಗೆ ಹೋದರೆ ಕಿಮ್ಸ್ ಎಂದೇ ಎಲ್ಲರೂ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ದವಡೆ ಮುರಿತ, ಮುಖದ ಗಾಯಗಳಿಗೆಂದೇ ತಜ್ಞರಿರುವ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಧಾರವಾಡದ ಸತ್ತೂರಿನಲ್ಲಿದೆ. ಕೇಳಬೇಕಾದ ತಜ್ಞರು ಯಾರೆಂದರೆ ಮುಖ-ದವಡೆಯ ಶಸ್ತ್ರವೈದ್ಯರು, ಕಿವಿ-ಮೂಗು-ಗಂಟಲಿನವರು, ಪ್ಲಾಸ್ಟಿಕ್ ಸರ್ಜನ್ ಅಥವಾ ರಕ್ತನಾಳಗಳ ಶಸ್ತ್ರವೈದ್ಯರು. ಒಳಗಿನಿಂದ ಮುಚ್ಚುವ ಚಿಕಿತ್ಸೆಗೆ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ ಬೇಕು.

ಖರ್ಚಿನ ಚಿಂತೆ ಯಾರಿಗಿಲ್ಲ? 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವುಂಟು. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಸಿಗುತ್ತದೆ. ಯಾವ ಚಿಕಿತ್ಸೆಗೆ ಎಷ್ಟು ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ. ರೇಷನ್ ಕಾರ್ಡು, ಆಧಾರ್ ಕಾರ್ಡಿನ ಜೊತೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನೂ ಇಟ್ಟುಕೊಳ್ಳಲು ಮರೆಯಬೇಡಿ. ಅವಸರದಲ್ಲಿ ನಾವು ಕಾರ್ಡು ಬಿಟ್ಟು ಹೋಗಿ, ನಮ್ಮ ಮನೆಯವರು ಮತ್ತೆ ಬಸ್ ಹತ್ತಿ ನರಗುಂದಕ್ಕೆ ಬಂದು ಹೋಗಬೇಕಾಯಿತು.

ನಮ್ಮ ಬೆರಳೂ ಬಲ್ಲದು

ಅಡುಗೆಮನೆಯಲ್ಲಿ ಅನ್ನದ ಅಗಳು ಹಿಚುಕಿ ಬೆಂದಿದೆಯೋ ಇಲ್ಲವೋ ಹೇಳುವವರು ನಾವು. ಹಣೆ ಮುಟ್ಟಿ ಜ್ವರ ಹೇಳುವವರು ನಾವು. ದಿನವೂ ಮಕ್ಕಳ ತಲೆ ಬಾಚುವ, ಮುಖ ತೊಳೆಯುವ, ಅತ್ತೆ-ಮಾವಂದಿರಿಗೆ ಎಣ್ಣೆ ಹಚ್ಚುವ ಈ ಕೈಗೆ ಸಿಗುವ ಸುದ್ದಿ ಎಷ್ಟೋ ಸಲ ಐದು ನಿಮಿಷ ನೋಡುವ ಡಾಕ್ಟರಿಗೆ ಸಿಗುವುದಿಲ್ಲ. ಆದರೆ ದವಾಖಾನೆಯ ಬಾಗಿಲು ದಾಟಿದ ಕೂಡಲೇ ‘ನಮಗೇನು ತಿಳಿತದ’ ಅಂತ ನಾವೇ ಬಾಯಿ ಕಟ್ಟಿಕೊಳ್ಳುತ್ತೇವೆ. ಅವತ್ತು ನಾನೂ ಕಟ್ಟಿಕೊಂಡಿದ್ದರೆ ಏನಾಗುತ್ತಿತ್ತೋ! ಕಂಡದ್ದನ್ನು ಹೇಳಿ. ಒಳ್ಳೆಯ ಡಾಕ್ಟರು ಸಿಟ್ಟಾಗುವುದಿಲ್ಲ. ನಮ್ಮೂರ ಡಾಕ್ಟರು ಬ್ಲೇಡು ಕೆಳಗಿಟ್ಟದ್ದು ನನ್ನ ಒಂದು ಮಾತಿಗೇ ಅಲ್ಲವೇ?

ನಮ್ಮ ಹುಡುಗ ಈಗ ಏಳನೇ ಇಯತ್ತೆ. ಸೈಕಲ್ ಮತ್ತೆ ಇಳಿಜಾರಿನಲ್ಲಿ ಓಡುತ್ತಿದೆ. ಬ್ರೇಕ್ ಹಿಡಿಯುತ್ತಾನೋ ಇಲ್ಲವೋ, ಬಾಗಿಲಲ್ಲಿ ನಿಂತು ನೋಡುವುದು ನನಗೆ ಚಟವಾಗಿದೆ. ಅತ್ತೆಯವರು ಈಗ ಓಣಿಯಲ್ಲಿ ಯಾರ ಮಗುವಿಗೆ ಬಾವು ಬಂದರೂ ಪಟ್ಟಿನ ಮಾತು ಎತ್ತುವುದಿಲ್ಲ. ‘ಮೊದಲ ಬಳ್ಳ ಇಟ್ಟು ನೋಡ್ರೆವಾ, ಬಡೀತದೇನು?’ ಅಂತಾರೆ.

ನೀವೂ ಅಷ್ಟೇ ಮಾಡಿ. ಪೆಟ್ಟು ಬಿದ್ದ ಜಾಗದಲ್ಲಿ ಗಂಟು ಎದ್ದರೆ ಹಗುರವಾಗಿ ಬೆರಳಿಟ್ಟು ನೋಡಿ. ಮಿಡಿದರೆ ಅವತ್ತೇ ಹೊರಡಿ. ಮಿಡಿಯದಿದ್ದರೂ ತೋರಿಸಿ, ಸ್ಕ್ಯಾನ್ ಆಗದೆ ಚೀರಿಸಬೇಡಿ.